ಐದನೇ ಗೂಟ

ಹಾರೆ ಎತ್ತಿದ ಜಗನ್ ಅದನ್ನು ಮತ್ತೆ ಇಳಿಸಲಿಲ್ಲ. ಎದೆಮಟ್ಟದ ಗುಣಿಯೊಳಗೆ ನಿಂತು ತನ್ನ ಕಾಲನ್ನೇ ನೋಡಿಕೊಂಡ. ಎಡಪಾದ ಒದ್ದೆಯಾಗಿತ್ತು. ಬೆವರಿಗೆ ಪಾದ ಅಷ್ಟು ಒದ್ದೆಯಾಗುವುದಿಲ್ಲ.

“ಅಪ್ಪಾ, ಇಲ್ಲಿ ನೀರು ಬರ್ತಾ ಐತೆ.”

ಮೇಲೆ ಕೂತಿದ್ದ ಗಂಗುಲಪ್ಪ ಬಾಯಿಂದ ಬೀಡಿ ತೆಗೆಯದೆ, “ಕುಡಿಯೋ ಕ್ಯಾನು ಒದ್ದಿರ್ತೀಯ, ನೋಡು,” ಎಂದ. ಸತ್ತವನು ಅವನ ಖಾಸಾ ಅಣ್ಣ ಬಯ್ಯಪ್ಪ. ಬೆಳಗಿನಿಂದ ಅಳುವುದಕ್ಕೂ ಬಿಡುವಿಲ್ಲದಂತೆ ಓಡಾಡಿ ಗಂಗುಲಪ್ಪನ ತಾಳ್ಮೆ ತೀರಿಹೋಗಿತ್ತು.

“ಕ್ಯಾನು ನಿನ್ನ ಪಕ್ಕದಲ್ಲೇ ಐತಲ್ಲ.”

ನಿಜ, ಪಕ್ಕದಲ್ಲೇ ಇತ್ತು. ಮುಚ್ಚಳ ಬಿಗಿದು ನೆಟ್ಟಗೆ ನಿಂತಿತ್ತು. ಗಂಗುಲಪ್ಪ ಮೊದಲು ಕ್ಯಾನನ್ನು ನೋಡಿದ, ಆಮೇಲೆ ಆಕಾಶ ನೋಡಿದ, ಕೊನೆಗೆ ಗುಣಿಯೊಳಕ್ಕೆ ಬಗ್ಗಿದ. ಕೊಂಡಸಂದ್ರದಲ್ಲಿ ಮಳೆ ಬಿದ್ದು ಇಪ್ಪತ್ತೆರಡು ದಿನವಾಗಿತ್ತು. ಕೆಳಗಿನ ಹೊಲದಲ್ಲಿ ರಾಗಿ ಒಣಗಿ ಕೊಯ್ಲಿಗೆ ನಿಂತಿತ್ತು. ಸಾವಿರದಿನ್ನೂರು ಅಡಿ ಕೊರೆಸಿದರೂ ಬರೀ ದೂಳು ಹಾರುವ ಸೀಮೆ ಇದು. ಅಂಥ ಕಡೆ ಎದೆಮಟ್ಟದ ಗುಣಿಯಲ್ಲಿ, ಬೆಟ್ಟದ ಕಡೆಯ ಗೋಡೆಯಲ್ಲಿ, ಕೆಮ್ಮಣ್ಣು ಮುಗಿದು ಕಲ್ಲಿನಂಥ ಬಿಳಿ ಗರಸು ಶುರುವಾಗುವ ಜಾಗದಲ್ಲಿ, ಹೆಬ್ಬೆರಳು ಗಾತ್ರದ ಒಂದು ತೂತಿನಿಂದ ನೀರು ಸದ್ದಿಲ್ಲದೆ ಇಳಿಯುತ್ತಿತ್ತು.

“ಮಣ್ಣು ಹಾಕಿ ಮೆತ್ತು,” ಎಂದ ಗಂಗುಲಪ್ಪ.

ಜಗನ್ ಮೆತ್ತಿದ. ಒಂದು ಗಳಿಗೆ ನಿಂತಿತು. ಆಮೇಲೆ ಮೆತ್ತಿದ ಮಣ್ಣೇ ಕಳಚಿಬಿದ್ದು, ನೀರು ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಬರತೊಡಗಿತು. ಅಪ್ಪ ಮಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಗುಣಿ ತೋಡುವಾಗ ಬಂಡೆ ಸಿಕ್ಕರೆ, ಬೇರು ಸಿಕ್ಕರೆ, ಹಳೇ ಮೂಳೆ ಸಿಕ್ಕರೂ ಏನು ಮಾಡಬೇಕೆಂದು ಅವರಿಗೆ ಗೊತ್ತು. ನೀರು ಸಿಕ್ಕರೆ ಏನು ಮಾಡಬೇಕೆಂದು ಹಿರಿಯರು ಯಾರೂ ಹೇಳಿಕೊಟ್ಟಿರಲಿಲ್ಲ.

“ಸಂಘಮಿತ್ರಂಗೆ ಫೋನ್ ಮಾಡು,” ಎಂದ ಗಂಗುಲಪ್ಪ. “ಈ ಜಾಗಾನೇ ಬೇಕು ಅಂತ ಹಟ ಹಿಡಿದೋಳು ಅವಳೇ ತಾನೆ. ಅವಳೇ ಬಂದು ನೋಡ್ಲಿ.”

ಸಂಘಮಿತ್ರ ಬಯ್ಯಪ್ಪನ ಒಬ್ಬಳೇ ಮಗಳು. ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಹೇಳುತ್ತಾಳೆ. ಜಗಲಿಯ ಮೇಲೆ ಕೂತಿದ್ದ ಅಪ್ಪ ಕೂತಲ್ಲೇ ಒರಗಿದ ಸುದ್ದಿ ನಿನ್ನೆ ಸಂಜೆ ಬಂದಾಗಿನಿಂದ ಅವಳು ಮಾಡಿದ್ದು ಎರಡೇ ಕೆಲಸ. ಬಸ್ಸಿನಲ್ಲಿ ಅತ್ತಳು, ಮನೆಗೆ ಬಂದು ಜಗಳವಾಡಿದಳು. ಅಪ್ಪ ಅವಳು ಹುಟ್ಟುವ ಮೊದಲೇ ಬುದ್ಧನಿಗೆ ಶರಣು ಹೋದವನು. ಅಮ್ಮ ಅಶ್ವತ್ಥಮ್ಮ ಅದೇ ಬುದ್ಧನ ಫೋಟೊಗೆ ದಿನಾ ಕುಂಕುಮ ಹಚ್ಚಿದವಳು. ಹೀಗಾಗಿ ಶಾಮಿಯಾನದ ಕೆಳಗೆ ಅಪ್ಪನ ತಲೆಯ ಹತ್ತಿರ ಮೊಬೈಲು ಬುದ್ಧವಂದನೆ ಹಾಡುತ್ತಿತ್ತು, ಕಾಲಿನ ಕಡೆ ಚಿಕ್ಕಪ್ಪ ಕರೆಸಿದ ತಮಟೆ ಮೊಳಗುತ್ತಿತ್ತು. ಎರಡರಲ್ಲಿ ಯಾವುದೂ ಸೋಲಲಿಲ್ಲ. ಮೊದಲ ಮಣ್ಣು ತಾನೇ ಹಾಕುತ್ತೇನೆಂದು ಸಂಘಮಿತ್ರ ಹಟ ಮಾಡಿದಳು. ಹೆಣ್ಣುಮಕ್ಕಳು ಗುಣಿಯ ತನಕ ಬರುವ ಪದ್ಧತಿಯೇ ಇಲ್ಲವೆಂದು ಚಿಕ್ಕಪ್ಪ ಮುಖ ತಿರುಗಿಸಿಕೊಂಡು, ಕೊನೆಗೆ ಹೂಂ ಎಂದ. ಜಾಗದ ವಿಷಯದಲ್ಲೂ ಅಷ್ಟೇ. ಕೆರೆಯ ಆಚೆ ತಮ್ಮವರ ಸ್ಮಶಾನದಲ್ಲಿ, ಅವ್ವನ ಪಕ್ಕದಲ್ಲೇ ಅಣ್ಣನನ್ನು ಮಲಗಿಸಬೇಕೆಂದು ಅವನ ಆಸೆಯಾಗಿತ್ತು. ಅಪ್ಪ ಬದುಕಿರುವಾಗಲೇ ಬೆಟ್ಟದ ಬುಡದಲ್ಲಿ ಗೂಟ ಹೊಡೆದು ಜಾಗ ತೋರಿಸಿದ್ದಾನೆ ಎಂದಳು ಇವಳು. ಸತ್ತವನ ಮಾತಿನ ಮುಂದೆ ಗಂಗುಲಪ್ಪ ಏನು ಹೇಳಿಯಾನು?

“ಅಕ್ಕಾ, ಗುಣೀಲಿ ನೀರು ಬಂದುಬಿಡ್ತು,” ಎಂದ ಜಗನ್ ಫೋನಿನಲ್ಲಿ.

“ನೀರಾ? ಎಲ್ಲಿಂದ?”

“ಗೊತ್ತಿಲ್ಲಕ್ಕ. ಬೇಗ ಬಾ.”

ಅದೇ ಹೊತ್ತಿಗೆ ತೊಂಡೇಬಾವಿ ಸ್ಟೇಷನ್ನಿನಿಂದ ಆಟೊದಲ್ಲಿ ತನುಜ ಮನೆ ಮುಂದೆ ಬಂದಿಳಿದಿದ್ದಳು. ಶಿಡ್ಲಘಟ್ಟದ ಹುಡುಗಿ. ಹದಿನಾಲ್ಕು ವರ್ಷದ ಹಿಂದೆ ಬೆಟ್ಟದ ಮಣ್ಣಿನ ಮೇಲೆ ಸಂಶೋಧನೆ ಮಾಡಲು ಬಂದು ಐದು ತಿಂಗಳು ಇದೇ ಮನೆಯಲ್ಲಿ ಮುದ್ದೆ ಉಂಡವಳು. ಈಗ ಬೆಂಗಳೂರಿನಲ್ಲಿ ಕೆಲಸ. ಅಶ್ವತ್ಥಮ್ಮನನ್ನು ತಬ್ಬಿಕೊಂಡು ಅಳುತ್ತಿದ್ದವಳು ನೀರಿನ ಮಾತು ಕಿವಿಗೆ ಬಿದ್ದೊಡನೆ ಅಳು ನಿಲ್ಲಿಸಿ, “ಎಲ್ಲಿ? ಯಾವ ಜಾಗದಲ್ಲಿ?” ಎಂದು ಕೇಳಿದಳು. ಕೇಳಿದ ರಭಸಕ್ಕೆ ಸುತ್ತ ಕೂತಿದ್ದವರು ತಿರುಗಿ ನೋಡಿದರು.

“ಮೇಲೆ, ಕಾಡಿನಂಚಲ್ಲಿ. ಅಪ್ಪ ಗೂಟ ಹೊಡೆದು ಆರಿಸಿಟ್ಟಿದ್ದ ಜಾಗ ತನುಜಕ್ಕ.”

ತನುಜ ಕಣ್ಣೊರೆಸಿಕೊಂಡು ಎದ್ದಳು. “ನಡಿ, ನೋಡಣ,” ಎಂದಳು.

*

ಎರಡು ತಿಂಗಳ ಹಿಂದೆ ಒಂದು ಭಾನುವಾರ ಅಪ್ಪ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಮಂಡಿನೋವಿಗೆ ದಾರಿಯಲ್ಲಿ ಮೂರು ಸಲ ಕೂತು ಎದ್ದ. ನರಸಿಂಹಪ್ಪನವರ ಹೊಲ ಮುಗಿದು ಕಾಡು ಶುರುವಾಗುವ ಕಡೆ, ತಲೆಗೆ ಕೆಂಪು ಬಟ್ಟೆ ಕಟ್ಟಿದ ಒಂದು ಗೂಟವಿತ್ತು. ಪಕ್ಕದಲ್ಲಿ ಕಲ್ಲು ಮುಚ್ಚಿದ ಒಂದು ತೂತು. ಅಪ್ಪ ಕಲ್ಲು ಸರಿಸಿ ಉದ್ದದ ಕೋಲನ್ನು ತೂತಿನೊಳಗೆ ಇಳಿಬಿಟ್ಟು, ಎಳೆದು, ಅದರ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಮೂಸಿಯೂ ನೋಡಿದ.

ಸಂಘಮಿತ್ರ ಬಂಡೆಯ ಮೇಲೆ ಕೂತು ಹೆಡ್ ಮೇಡಂ ಕಳಿಸಿದ್ದ ಯಾವುದೋ ಪಟ್ಟಿಯನ್ನು ಮೊಬೈಲಿನಲ್ಲಿ ತುಂಬುತ್ತಿದ್ದಳು. ಅಪ್ಪ ಅರ್ಧ ಗಂಟೆ ಮಾತಾಡಿದ. ಗರಸು, ಬೇರು, ಗೆದ್ದಲು, ಎಲೆಗೊಬ್ಬರ. ಹುಟ್ಟಿದಾಗಿನಿಂದ ಕೇಳಿದ್ದ ಮಾತೇ ಎಂದುಕೊಂಡು ಅವಳು ನಡುನಡುವೆ ಹೂಂಗುಟ್ಟಿದಳು. ಸಿಗ್ನಲ್ ಹೋದಾಗ ತಲೆ ಎತ್ತಿದಳು. ಆಗ ಕೇಳಿಸಿದ್ದು ಇಷ್ಟು:

“ನಾನಿಲ್ದೆ ಹೋದ್ರೂ ನೀನು ಈ ಜಾಗಕ್ಕೆ ಬಂದು ನೋಡ್ತಾ ಇರ್ಬೇಕು ಕಣಮ್ಮ.”

“ಸುಮ್ನಿರಪ್ಪ, ಏನೇನೋ ಮಾತಾಡ್ಬೇಡ,” ಎಂದು ಗದರಿದಳು. ಅಪ್ಪ ನಕ್ಕು ಕಲ್ಲನ್ನು ತೂತಿನ ಮೇಲಿಟ್ಟ.

ಆಮೇಲೂ ಅಪ್ಪ ದಿನಾ ಅಲ್ಲಿ ಹೋಗಿ ಕೂರುತ್ತಾನೆ ಎಂದು ಅಮ್ಮ ಫೋನಿನಲ್ಲಿ ಹೇಳಿದಾಗಲೆಲ್ಲ, ತನ್ನ ಜಾಗ ತಾನೇ ನೋಡಿಕೊಳ್ಳುತ್ತಿದ್ದಾನೆ ಎಂದುಕೊಂಡು ಅವಳು ಮಾತು ಬದಲಿಸುತ್ತಿದ್ದಳು. ಆ ಅರ್ಧ ಗಂಟೆಯಲ್ಲಿ ಅವನು ಇನ್ನೇನು ಹೇಳಿದ್ದನೆಂದು ಒಮ್ಮೆಯೂ ಕೇಳಲಿಲ್ಲ.

*

ಅವರು ಬರುವಷ್ಟರಲ್ಲಿ ಗುಣಿಯ ತಳದಲ್ಲಿ ಒಂದು ಬೆರಳು ನೀರು ನಿಂತಿತ್ತು. ಹೊಲದ ಯಜಮಾನ ನರಸಿಂಹಪ್ಪನವರೂ ಬಂದಿದ್ದರು. ಬಯ್ಯಪ್ಪನ ಓರಗೆಯವರು, ಒಟ್ಟಿಗೆ ನಾಲ್ಕನೇ ಕ್ಲಾಸಿನ ತನಕ ಓದಿದವರು. ಬೆಳಗ್ಗೆ ಜಾಗ ಕೇಳಿದಾಗ, “ಬಯ್ಯಪ್ಪಂಗೆ ಆರಡಿ ಕೊಡಕ್ಕಾಗಲ್ವೇನಮ್ಮ ನನ್ ಕೈಲಿ,” ಎಂದು ಕಣ್ಣೊರೆಸಿಕೊಂಡಿದ್ದರು. ಈಗ ಟವಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಾಯಿಸುತ್ತ ನಿಂತಿದ್ದರು.

ತನುಜ ಯಾರನ್ನೂ ಕೇಳದೆ ಚಪ್ಪಲಿ ಬಿಟ್ಟು ಗುಣಿಗಿಳಿದಳು. ಗೋಡೆ ಸವರಿದಳು. ನೀರು ಬರುವ ತೂತಿಗೆ ಕಿರುಬೆರಳು ಹಾಕಿ ನೋಡಿದಳು. ಅದು ಸತ್ತ ಬೇರೊಂದರ ದಾರಿ. ಒಳಗಿನ ಕಟ್ಟಿಗೆ ಕೊಳೆತುಹೋಗಿ ತೊಗಟೆ ಮಾತ್ರ ಕೊಳವೆಯ ಹಾಗೆ ಉಳಿದಿತ್ತು.

“ಅಗೆಯುವಾಗ ಮೇಲಿಂದ ಇಳಿದ ಒಂದು ತೂತು ಸಿಕ್ತಾ ಜಗನ್?”

“ಸಿಕ್ತು. ಇಲಿಬಿಲ ಅಂದ್ಕೊಂಡೆ.”

“ಎಷ್ಟು ಆಳ ಇತ್ತು?”

ಜಗನ್ ಗೋಡೆಯ ಮೇಲೆ ಕೈಯಿಟ್ಟು ತೋರಿಸಿದ. ಅವನು ತೋರಿಸಿದ ಜಾಗಕ್ಕೂ ನೀರು ಬರುವ ಜಾಗಕ್ಕೂ ನಡುವೆ ತನುಜ ಬೆರಳು ಅಗಲಿಸಿ ಗೇಣು ಹಿಡಿದಳು. ಸರಿಯಾಗಿ ಒಂದು ಗೇಣು. ಅವಳ ಕೈ ಅಲ್ಲೇ ಉಳಿಯಿತು.

“ಸಂಘು, ಇದು ನಿಮ್ಮಪ್ಪನ ಗುಣಿ ಜಾಗ ಅಲ್ಲ ಕಣೇ.”

*

ಹದಿನಾಲ್ಕು ವರ್ಷದ ಹಿಂದೆ ಬಯ್ಯಪ್ಪ ಈ ಬೆಟ್ಟದ ಪ್ಲಾಂಟೇಶನ್ ವಾಚರ್. ಆಡು ಮೇಕೆ ಓಡಿಸುವುದು, ಬೆಂಕಿ ಬಿದ್ದರೆ ಸೊಪ್ಪು ಬಡಿದು ಆರಿಸುವುದು ಅವನ ಕೆಲಸ. ತನುಜ ಒಂದು ಕಬ್ಬಿಣದ ಬಳೆ ತಂದಿದ್ದಳು. ಬಳೆಯೆಂದರೆ ದಪ್ಪ ಪೈಪಿನಿಂದ ಕತ್ತರಿಸಿದ ಮೊಳದಗಲದ ತುಂಡು. ಅದನ್ನು ನೆಲಕ್ಕೆ ಬಡಿದು ಕೂರಿಸಿ, ಒಳಗೆ ಒಂದು ಬಿಂದಿಗೆ ನೀರು ಹುಯ್ದು, ಇಂಗುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ನೋಡಿ ಬರೆಯಬೇಕು. ಬಿಂದಿಗೆ ಹೊರುವ ಕೆಲಸ ಬಯ್ಯಪ್ಪನದು.

ನೀಲಗಿರಿ ತೋಪಿನಲ್ಲಿ ನೀರು ಹುಯ್ದರೆ ಅವನು ಬೀಡಿ ಸೇದಿ, ಎಲೆಯಡಿಕೆ ಹಾಕಿ, ಉಗಿದು ಬಂದರೂ ಬಳೆಯೊಳಗೆ ನೀರು ನಿಂತೇ ಇರುತ್ತಿತ್ತು. ಅದೇ ಬೆಟ್ಟದ ಕಣಿವೆಯಲ್ಲಿ, ಅವನೇ ಮೇಕೆಗಳಿಂದ ಕಾದು ಬೆಳೆಯಗೊಟ್ಟ ಜಾಲಾರಿ, ಹೊಂಗೆ, ಕಕ್ಕೆ ಮರಗಳ ಕೆಳಗೆ, ಬಿಂದಿಗೆ ಕೆಳಗಿಟ್ಟು ನಡು ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ನೀರು ಮಾಯ. ಮೊದಲ ಸಲ ಅವನು ನಂಬಲಿಲ್ಲ. ಬಳೆ ಕಿತ್ತು ಅಡಿಯಲ್ಲಿ ಬಿಲವಿದೆಯೇ ಎಂದು ನೋಡಿದ. ಇರಲಿಲ್ಲ. ಕಪ್ಪನೆಯ ಮೆತ್ತನೆ ಮಣ್ಣು, ಕೂದಲಿನಂಥ ಬೇರು.

“ಹೋಯ್ತು ಸರಿ. ಎಲ್ಲಿಗೆ ಹೋಯ್ತು ತನುಜಮ್ಮ?”

ತನುಜ ತಾನು ಓದಿದ್ದನ್ನು ಹೇಳಿದಳು. ಉದುರಿದ ಎಲೆ ನೀರಿನ ಓಟ ತಡೆಯುತ್ತದೆ. ಸತ್ತ ಬೇರಿನ ದಾರಿ, ಗೆದ್ದಲಿನ ದಾರಿ ಹಿಡಿದು ನೀರು ಕೆಳಗಿಳಿಯುತ್ತದೆ. ಗರಸು ಸಿಕ್ಕಿ ಇನ್ನು ಇಳಿಯಲಾಗದಿದ್ದಾಗ ಅಡ್ಡಕ್ಕೆ ತಿರುಗಿ, ಇಳಿಜಾರಿನ ಉದ್ದಕ್ಕೂ ಒಳಗೊಳಗೇ ಜರುಗುತ್ತದೆ.

“ಊರಿನ ಹತ್ತಿರಕ್ಕೆ ಬರಕ್ಕೆ ಎಷ್ಟು ದಿನ ಬೇಕು?”

“ಗೊತ್ತಿಲ್ಲ ಬಯ್ಯಪ್ಪಣ್ಣ. ಮಳೆ ಆದ ಮೇಲೆ ವಾರಗಟ್ಟಲೆ ಆಗಬಹುದು. ಕಾಡು ಇನ್ನೂ ಬೆಳೀಬೇಕು. ಅಷ್ಟರಲ್ಲಿ ನನ್ನ ಓದೇ ಮುಗಿದಿರುತ್ತೆ.”

ಅವಳ ಓದು ಮುಗಿಯಿತು, ಡಾಕ್ಟರ್ ತನುಜ ಆದಳು. ಪ್ರಶ್ನೆ ಮಾತ್ರ ಬಯ್ಯಪ್ಪನ ತಲೆಯಲ್ಲೇ ಉಳಿಯಿತು. ಕಣಿವೆಯಿಂದ ಊರಿನ ಕಡೆಗೆ ಒಂದರ ಕೆಳಗೆ ಒಂದು ಐದು ಗೂಟ ಹೊಡೆದು, ಪ್ರತಿ ಗೂಟದ ಪಕ್ಕ ತೇವ ನೋಡಲು ಹಾರೆಯಿಂದ ತೂತು ಮಾಡಿದ. ಟ್ಯಾಂಕರ್ ಮುಂದೆ ಬಿಂದಿಗೆ ಸಾಲಿಡುವ ಊರಿನಲ್ಲಿ, ಬೆಟ್ಟಕ್ಕೆ ನೀರು ಹೊತ್ತು ನೆಲಕ್ಕೆ ಸುರಿಯುವವನಿಗೆ ಜನ ಒಳ್ಳೆಯ ಹೆಸರಿಡುತ್ತಾರೆಯೇ? ನೀರು ಹುಯ್ಯೋ ಬಯ್ಯಪ್ಪ ಎಂದರು. ಅಶ್ವತ್ಥಮ್ಮ ಎಷ್ಟೋ ದಿನ ಅವನೊಂದಿಗೆ ಮಾತು ಬಿಟ್ಟಳು.

*

“ಮೊದಲನೇ ಗೂಟಕ್ಕೆ ಎರಡನೇ ವರ್ಷ ತೇವ ಬಂತು,” ಎಂದಳು ತನುಜ ಗುಣಿಯೊಳಗಿನಿಂದಲೇ. “ನಾಲ್ಕನೇದಕ್ಕೆ ಹೋದ ವರ್ಷ. ಇದು ಐದನೇದು. ಪ್ರತಿ ಸೋಮವಾರ ನನಗೆ ಫೋನ್ ಮಾಡೋರು. ಮೊನ್ನೆ ಸೋಮವಾರಾನೂ ಮಾಡಿದ್ರು. ‘ಬಂದಿಲ್ಲ ಕಣಮ್ಮ, ನಾನೇ ಎಲ್ಲೋ ತಪ್ಪಿದೆ’ ಅಂದ್ರು. ಈ ಗರಸಿನ ಇಳಿಜಾರು ಇಲ್ಲಿ ಇಷ್ಟು ಕೆಳಗೆ ಹೋಗಿದೆ ಅಂತ ಅವರಿಗೆ ಗೊತ್ತಾಗಿಲ್ಲ. ಇನ್ನೊಂದು ಗೇಣು ತೋಡಿದ್ರೆ ಸಿಗ್ತಿತ್ತು.”

ಸಂಘಮಿತ್ರ ಮಣ್ಣಿನ ಗುಡ್ಡೆಯ ಮೇಲೆ ಕೂತಳು. ವರ್ಷಾ ವರ್ಷಾ ಅವಳು ಬೋರ್ಡಿನ ಮೇಲೆ ಜಲಚಕ್ರ ಬರೆಯುತ್ತಾಳೆ. ಮೋಡ, ಬೆಟ್ಟ, ನದಿ, ಸಮುದ್ರ. ಬೆಟ್ಟದ ಮೇಲಿಂದ ನೆಲದೊಳಕ್ಕೆ ಒಂದು ಬಾಣದ ಗುರುತು ಹಾಕಿ, ಇಂಗುವಿಕೆ ಎಂದು ಬರೆದು ಮುಂದಕ್ಕೆ ಹೋಗುತ್ತಾಳೆ. ಆ ಬಾಣದ ಜೊತೆಯಲ್ಲಿ ಅಪ್ಪ ಹದಿನಾಲ್ಕು ವರ್ಷ ನಡೆದಿದ್ದ. ಅದನ್ನು ತನಗೆ ಹೇಳಲೆಂದೇ ಮಂಡಿ ಹಿಡಿದುಕೊಂಡು ಇಲ್ಲಿಗೆ ಬಂದಿದ್ದ. ಅವಳು ಕೇಳಿಸಿಕೊಳ್ಳದೆ ಅವನ ಗೂಟ ಕಿತ್ತು ಗುಣಿ ತೋಡಿಸಿದ್ದಳು. ಹಾಗೆ ತೋಡಿಸಿದ್ದಕ್ಕೇ ನೀರು ಸಿಕ್ಕಿತ್ತು. ಈಗ ತಲೆ ಚಚ್ಚಿಕೊಳ್ಳಬೇಕೋ ಸಂತೋಷಪಡಬೇಕೋ ಅವಳಿಗೆ ತಿಳಿಯಲಿಲ್ಲ. ಅಪ್ಪನಿಗೆ ಹೇಳಬೇಕು ಎಂದು ಮಾತ್ರ ಅನ್ನಿಸಿತು. ಮರುಗಳಿಗೆ ಅದು ಆಗದ ಮಾತೆಂದು ನೆನಪಾಯಿತು.

“ಅದೆಲ್ಲ ಸರಿ, ಈಗೇನ್ ಮಾಡಣ?” ಎಂದ ಗಂಗುಲಪ್ಪ. “ಹೊತ್ತು ಮುಳುಗೋದ್ರೊಳಗೆ ಅಣ್ಣನ್ನ ಮಣ್ಣಿಗಿಡ್ಬೇಕು. ನೀರೊಳಗೆ ಇಡಕ್ಕಾಗಲ್ಲ. ಇದನ್ನ ಮುಚ್ಚಾಕಿ, ನಮ್ಮವ್ವನ ಪಕ್ಕದಲ್ಲೇ ಇಡಣ. ಜೆಸಿಬಿ ಕರೆದ್ರೆ ಕಾಲು ಗಂಟೆ ಕೆಲಸ.”

“ಮುಚ್ಚಿದ್ರೆ ಈ ನೀರು ಏನಾಗುತ್ತೆ?” ಎಂದು ಸಂಘಮಿತ್ರ ತನುಜಳನ್ನು ಕೇಳಿದಳು.

“ಕೆದಕಿದ ಮಣ್ಣು ತುಂಬಿದ್ರೆ ಬಾಯಿ ಕಟ್ಟಿಕೊಳ್ಳುತ್ತೆ. ಬೇರೆ ದಾರಿ ಹುಡುಕ್ಕೊಂಡ್ರೂ ಹುಡುಕ್ಕೊಳ್ಳಬಹುದು. ನನಗೂ ಗೊತ್ತಿಲ್ಲ ಸಂಘು.”

“ಮುಚ್ಬೇಡ್ರಮ್ಮ,” ಎಂದರು ನರಸಿಂಹಪ್ಪ.

ಗಂಗುಲಪ್ಪ ಸರ್ರನೆ ತಿರುಗಿದ. “ಯಾಕೆ ಯಜಮಾನ್ರೆ? ನೀರು ಕಂಡ ತಕ್ಷಣ ಆರಡಿ ಜಾಗ ಭಾರ ಆಯ್ತಾ?”

“ನಾನು ಏನಂದ್ರೂ ತಪ್ಪೇ ಕಣೋ ಗಂಗುಲ. ಇಲ್ಲೇ ಇಡಿ ಅಂದ್ರೆ ಅವನ ನೀರು ಹಾಳು ಮಾಡ್ದೆ ಅಂತೀರ. ಬ್ಯಾಡ ಅಂದ್ರೆ ನೀರಿಗೆ ಆಸೆಬಿದ್ದೆ ಅಂತೀರ. ಆಸೆ ಇಲ್ಲ ಅಂತ ನಾನೂ ಹೇಳಲ್ಲ. ಅದೇನ್ ಮಾಡ್ತೀರೋ ಮಾಡಿ,” ಎಂದು ಅವರು ಬದುವಿನ ಮೇಲೆ ಕೂತು ಟವಲಿನಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೋ ಬೆವರು ಒರೆಸಿಕೊಳ್ಳುತ್ತಿದ್ದಾರೋ ಯಾರಿಗೂ ಗೊತ್ತಾಗಲಿಲ್ಲ.

“ಮುಚ್ಚೋದು ಬೇಡ ಚಿಕ್ಕಪ್ಪ,” ಎಂದಳು ಸಂಘಮಿತ್ರ. “ಅಪ್ಪನ್ನ ಅಜ್ಜಿ ಪಕ್ಕದಲ್ಲೇ ಇಡಿ. ಇದು ಹಿಂಗೇ ಇರ್ಲಿ.”

“ಹಿಂಗೇ ಬಿಡೋದಾ?” ಎಂದ ಗಂಗುಲಪ್ಪ. “ಅವನ ಹೆಸರಲ್ಲಿ ತೋಡಿದ ಗುಣಿ ಇದು. ಖಾಲಿ ಬಿಟ್ರೆ ಮನೇಲಿ ಇನ್ನೊಬ್ರನ್ನ ಕರೀತದೆ. ಕೋಳೀನಾದ್ರೂ ಹಾಕಿ ಮುಚ್ಲೇಬೇಕು. ಮನೇಲಿ ನಿಮ್ಮಮ್ಮ ಅವಳೆ, ನೀನಿದೀಯ, ನನ್ ಮಗ ಅವ್ನೆ. ನೀವು ಓದಿದೋರು ನಂಬಲ್ಲ. ನಂಗೆ ಭಯ ಆಗ್ತದಮ್ಮ.”

ಅವನ ಕಣ್ಣಲ್ಲಿ ನೀರು ತುಂಬಿತ್ತು. ಬೆಳಗಿನಿಂದ ಅವನು ಕಣ್ಣೀರು ಹಾಕಿದ್ದು ಈಗಲೇ. ಸಂಘಮಿತ್ರಳ ಹಟ ಅಲ್ಲಿಗೇ ಇಳಿಯಿತು.

“ಎಲ್ಲಿ ತನಕ ಖಾಲಿ ಇರಬಾರದು ಚಿಕ್ಕಪ್ಪ?”

“ಹೆಣಕ್ಕೆ ಮಣ್ಣು ಬೀಳೋ ತನಕ.”

“ಆಮೇಲೆ?”

“ಆಮೇಲೇನು, ಬರೀ ಗುಂಡಿ.”

“ಹಂಗಾದ್ರೆ ಅಲ್ಲೀ ತನಕ ನಾನು ಇದರೊಳಗಿರ್ತೀನಿ.”

“ನಿಂಗೇನು ತಲೆ ಕೆಟ್ಟಿದ್ಯಾ? ಮೊದಲ ಮಣ್ಣು ನಾನೇ ಹಾಕ್ಬೇಕು ಅಂತ ಬೆಳಗಿಂದ ನನ್ ಜೊತೆ ಜಗಳ ಆಡ್ದೆ!”

“ನೀವು ಹಾಕಿ.”

“ನಾನಿರ್ತೀನಿ ಸಂಘು, ನೀನು ಹೋಗು,” ಎಂದಳು ತನುಜ. ಸಂಘಮಿತ್ರ ಚಿಕ್ಕಪ್ಪನ ಮುಖ ನೋಡಿದಳು. ಅವನು ಬೇಡವೆಂದು ತಲೆಯಾಡಿಸಿದ. ಹೊರಗಿನವರು ನಿಂತರೆ ಲೆಕ್ಕಕ್ಕಿಲ್ಲ, ವಂಶದವರೇ ಬೇಕು. ತನ್ನ ಮಗನ ಕಡೆ ಅವನು ತಿರುಗಿಯೂ ನೋಡಲಿಲ್ಲ. ಸಂಘಮಿತ್ರಳಿಗೆ ಹೋಗಬೇಕೆಂಬ ಆಸೆ ಎಷ್ಟಿತ್ತೆಂದರೆ ಕಾಲು ತಾನಾಗಿ ಊರಿನ ದಾರಿಗೆ ತಿರುಗಿತ್ತು. ಅವಳು ಬಿಳಿ ಸೀರೆಯನ್ನು ಮೊಳಕಾಲಿಗೆ ಎತ್ತಿ ಸಿಕ್ಕಿಸಿಕೊಂಡು, ತನುಜಳ ಕೈ ಹಿಡಿದು ಗುಣಿಗಿಳಿದಳು. ನೀರು ತಣ್ಣಗಿತ್ತು.

ಜಗನ್ ಜೆಸಿಬಿಗೆ ಫೋನ್ ಮಾಡುತ್ತ ಓಡಿದ. ತನುಜ ಅಮ್ಮನ ಹತ್ತಿರ ಇರಲು ಹೋದಳು. ಗಂಗುಲಪ್ಪ ಎರಡು ಸಲ ತಿರುಗಿ ನೋಡಿದ. ನರಸಿಂಹಪ್ಪನವರು ಎದ್ದು, ಹೆಣಕ್ಕೆ ಹೆಗಲು ಕೊಡುತ್ತೇನೆಂದು ಅವರ ಹಿಂದೆ ಹೊರಟರು. ಎಲ್ಲರ ಕಾಲುಗಳು ಅವಳ ಕತ್ತಿನ ಮಟ್ಟದಲ್ಲಿ ಒಣಹುಲ್ಲು ತುಳಿದುಕೊಂಡು ದೂರವಾದವು.

ಒಬ್ಬಳೇ ನಿಂತಾಗ ತಾನು ಮಾಡುತ್ತಿರುವುದು ಸರಿಯೇ ಎಂದು ಮತ್ತೆ ಮತ್ತೆ ಕೇಳಿಕೊಂಡಳು. ನಂಬಿಕೆ ಇಲ್ಲದ ಪದ್ಧತಿಗೆ ಅಪ್ಪನ ಮಣ್ಣನ್ನೇ ಬಿಟ್ಟುಕೊಟ್ಟಿದ್ದಳು. ಒಮ್ಮೆ ಸರಿ ಅನ್ನಿಸಿತು, ಒಮ್ಮೆ ಇಷ್ಟು ದೊಡ್ಡ ತಪ್ಪನ್ನು ಬದುಕಿನಲ್ಲೇ ಮಾಡಿಲ್ಲ ಅನ್ನಿಸಿತು.

ಸುಮಾರು ಒಂದೂವರೆ ಗಂಟೆಯ ಮೇಲೆ ಕೆರೆ ಏರಿಯ ಮೇಲೆ ಮೆರವಣಿಗೆ ಕಾಣಿಸಿತು. ಗುಣಿಯೊಳಗಿನಿಂದ ಅವಳಿಗೆ ಕಂಡದ್ದು ಜನರ ತಲೆಗಳು, ಅವುಗಳ ಮೇಲೆ ತೇಲುವ ಚೆಂಡುಹೂವಿನ ರಾಶಿ. ಅಪ್ಪ ಕಂಡದ್ದು ಅಷ್ಟೇ. ಅದೂ ಹೊಂಗೆಮರಗಳ ಹಿಂದೆ ಮರೆಯಾಯಿತು. ತಮಟೆ ಇನ್ನೂ ಸ್ವಲ್ಪ ಹೊತ್ತು ಕೇಳಿಸಿ ನಿಂತಿತು. ಇಳಿಸುತ್ತಿದ್ದಾರೆ. ಈಗ ಚಿಕ್ಕಪ್ಪ ಬಗ್ಗಿರುತ್ತಾನೆ, ಅವನ ಹಿಂದೆ ಜಗನ್, ನರಸಿಂಹಪ್ಪ, ಇಡೀ ಕಾಲನಿ, ಒಬ್ಬೊಬ್ಬರೂ ಮೂರು ಮೂರು ಹಿಡಿ. ಅವಳು ಗೋಡೆಗೆ ಹಣೆಯಿಟ್ಟು, ಯಾರೂ ಇಲ್ಲದ್ದರಿಂದ, ಬಾಯಿಬಿಟ್ಟು ಅತ್ತಳು.

ಹಣೆಯಿಟ್ಟ ಕಡೆಯಿಂದ ಒಂದು ಹೆಂಟೆ ಮಣ್ಣು ಕಳಚಿ ನೀರಿನ ಬಾಯಿಗೆ ಬಿತ್ತು. ಧಾರೆ ನಿಂತುಹೋಯಿತು.

ಸಂಘಮಿತ್ರ ದಡಕ್ಕನೆ ಮಂಡಿಯೂರಿದಳು. ಎರಡೂ ಕೈಯಿಂದ ಕೆಸರು ಬಗೆದು, ಬೊಗಸೆ ತುಂಬಿ, ತಲೆಯ ಮೇಲಿಂದ ಗುಣಿಯ ಆಚೆಗೆ ಎಸೆದಳು. ಒಂದು ಬೊಗಸೆ. ಎರಡು. ಮೂರು. ನೀರು ಇನ್ನೂ ಬಂದಿರಲಿಲ್ಲ, ಅವಳು ಮತ್ತೆ ಬಗ್ಗಿದಳು.